ಅವರೆಕಾಳಿನ ಬಿಲ್ಲೆ

ತಮಿಳುನಾಡಿನ ಓಮಲೂರು ಬಸ್‌ಸ್ಟ್ಯಾಂಡಿನ ಎದುರು, ಸೈಕಲ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅಣ್ಣಾಮಲೈ ಒಂದು ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಭುವನಾ ಅಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದಳು. ತೊಂಬತ್ತೆಂಟರಲ್ಲಿ ಅಲ್ಲಿಗೊಂದು ಮೋಡೆಮ್ ಬಂತು. ಅದು ಟೆಲಿಫೋನ್ ತಂತಿ ಹಿಡಿದು ಕುಂಯ್‌ಗುಟ್ಟಿ, ಕಿರುಚಿ, ಮನಸ್ಸು ಬಂದರೆ ಇಂಟರ್‌ನೆಟ್ಟಿಗೆ ಸೇರುವುದು, ಬಾರದಿದ್ದರೆ ಮುನಿಸಿಕೊಂಡ ಅಳಿಯನ ಹಾಗೆ ಸುಮ್ಮನೆ ಕೂರುವುದು. ಮಧ್ಯಾಹ್ನ ಎಲ್ಲರೂ ಊಟಕ್ಕೆದ್ದಾಗ ಭುವನಾ ಮೊಸರನ್ನದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಅದರ ಮುಂದೆ ಕೂರುತ್ತಿದ್ದಳು. ಅಣ್ಣಾಮಲೈ ಬೇಡವೆನ್ನುತ್ತಿರಲಿಲ್ಲ. ಆ ಯಂತ್ರವನ್ನು ಪಳಗಿಸುವುದು ಅವಳೊಬ್ಬಳಿಗೇ ಬರುತ್ತಿತ್ತು.

ಅವಳು ಹೋಗುತ್ತಿದ್ದುದು ಒಂದೇ ಕಡೆಗೆ, 'ಪಡಸಾಲೆ'ಗೆ. ಕನ್ನಡದಲ್ಲಿ ಕಥೆ ಬರೆಯುವ ಹುಚ್ಚು ಹಿಡಿದ ಒಂದಷ್ಟು ಜನ ಇಂಟರ್‌ನೆಟ್ಟಿನಲ್ಲಿ ಕೂಡಿಕೊಂಡಿದ್ದ ಜಾಗ ಅದು. ಮುಂಬಯಿಯವರೊಬ್ಬರು, ಮಸ್ಕತ್‌ನವರೊಬ್ಬರು, ಕೊಯಮತ್ತೂರಿನವರೊಬ್ಬರು. ಆಗಿನ ಕಂಪ್ಯೂಟರಿಗೆ ಕನ್ನಡ ಅಕ್ಷರವೆಂದರೆ ಜ್ವರ ಬರುತ್ತಿದ್ದುದರಿಂದ ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದರು. ಭುವನಾಗೆ ಇದು ದೇವರು ಕೊಟ್ಟ ವರ. ಅವಳು ಪಾಪಿರೆಡ್ಡಿಪಟ್ಟಿ ಕಡೆಯ ಹಳ್ಳಿಯವಳು. ಮನೆಮಾತು ಕನ್ನಡ, ಓದಿದ್ದೆಲ್ಲ ತಮಿಳು. ಕನ್ನಡದ ಒಂದಕ್ಷರವನ್ನೂ ಬರೆಯಲು ಬಾರದು. ಅವ್ವನ ಜೊತೆ ಜಗಳವಾಡುವ, ದನ ಅಟ್ಟುವ, ಸೊಪ್ಪು ಸೋಸುವ ಮಾತು ಬರೆಯುವುದಕ್ಕೂ ಒದಗುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಪಡಸಾಲೆಯಲ್ಲಿ ಮೊದಲ ಸಲ ತನ್ನ ಮಾತನ್ನು ತಾನೇ ಓದಿಕೊಂಡಾಗ ಅವಳಿಗೆ ಅಳು ಬಂದಿತ್ತು. ಇಡೀ ಲೋಕದಲ್ಲಿ ಅವಳ ಕನ್ನಡ ಬರೆದಿಟ್ಟಿದ್ದ ಜಾಗ ಅದೊಂದೇ.

ಪಡಸಾಲೆಯಲ್ಲಿ ಕಥೆಗಳ ಜೊತೆಗೆ ಬಿಲ್ಲೆಗಳೂ ಇದ್ದವು. ಕಥೆ ಬರೆದವರು ಆ ಕಥೆಯೊಳಗಿನ ಒಂದು ವಸ್ತುವನ್ನು ಹೆಬ್ಬೆರಳ ಉಗುರಿನಷ್ಟು ಚಿತ್ರವಾಗಿ, ಚುಕ್ಕಿಗೆ ಚುಕ್ಕಿ ಸೇರಿಸಿ ಬಿಡಿಸುತ್ತಿದ್ದರು. ಒಂದು ಕಂದೀಲು, ಮುರಿದ ಕನ್ನಡಕ, ಒಂಟಿ ಓಲೆ. ಅದೇ ಬಿಲ್ಲೆ. ಕಥೆ ಓದಿ ಮನಸ್ಸಿಟ್ಟು ನಾಲ್ಕು ಮಾತು ಬರೆದವರಿಗೆ ಅದು ನೆನಪಿನ ಕಾಣಿಕೆ. ಪಡೆದವರು ತಮ್ಮ ಪುಟದಲ್ಲಿ 'ಗೂಡು' ಅಂತ ಮಾಡಿಕೊಂಡು ಅದರಲ್ಲಿ ಸಾಲಾಗಿ ಜೋಡಿಸುವುದು. ಬೇಕಾದ್ದು ಸಿಗದಿದ್ದರೆ ಬದಲಿ ವ್ಯಾಪಾರ: ಕಂದೀಲು ಕೊಡುತ್ತೇನೆ, ಓಲೆ ಕೊಡಿ. ಮುಟ್ಟಲಾಗದ, ಮೂಸಲಾಗದ, ಕರೆಂಟು ಹೋದರೆ ಕಾಣದ ಈ ವಸ್ತುಗಳಿಗಾಗಿ ತಲೆ ನರೆತವರೂ ಗುದ್ದಾಡುತ್ತಿದ್ದರು. ನಗಬೇಡಿ. ಚಿನ್ನವನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು ಬರೀ ನೆನಪಿನಲ್ಲಿ ತೊಟ್ಟುಕೊಳ್ಳುವವರು ನಮ್ಮಲ್ಲಿ ಕಡಿಮೆಯೇ?

ಪಡಸಾಲೆಯ ಯಜಮಾನರು ಹಯಗ್ರೀವ ಅಂತ, ಸೇಲಂನ ಒಂದು ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಯಾವ ಬಿಲ್ಲೆಯನ್ನೂ ಹನ್ನೆರಡು ಜನರಿಗಿಂತ ಹೆಚ್ಚಿಗೆ ಕೊಡಬಾರದು ಎಂಬುದು ಅವರ ಕಟ್ಟಳೆ. ಚಿತ್ರದ ನಕಲು ತೆಗೆಯುವುದು ಕಣ್ಣು ಮಿಟುಕಿಸಿದಷ್ಟೇ ಸುಲಭ, ಆದರೂ ಯಾರೂ ತೆಗೆಯುತ್ತಿರಲಿಲ್ಲ. ಅದು ಮಾನದ ಪ್ರಶ್ನೆ. 'ಹೊಳೆಗೆ ಸುರಿದರೂ ಅಳೆದು ಸುರಿಯಬೇಕು' ಎಂಬ ಗಾದೆಯನ್ನು ಅವರು ಪಡಸಾಲೆಯ ಹಣೆಯ ಮೇಲೇ ಬರೆಸಿದ್ದರು.

ಭುವನಾ ಬರೆದದ್ದು ಅಜ್ಜಿ ಚೆಲ್ಲಮ್ಮನ ಕಥೆ. ಚೆಲ್ಲಮ್ಮ ಕಾವೇರಿಯ ಆಚೆ ದಡದಿಂದ ಮದುವೆಯಾಗಿ ಬಂದವಳು. ಹೊಗೆನಕಲ್‌ನಲ್ಲಿ ಹೊಳೆ ದಾಟುವಾಗ ಹರಿಗೋಲು ವಾಲಿತು. ಮದುಮಗಳು ಬೆಳ್ಳಿಯ ಪೆಟ್ಟಿಗೆ ಬಿಟ್ಟು ಸೆರಗಿನಲ್ಲಿ ಕಟ್ಟಿದ್ದ ಅವರೆಬೀಜದ ಗಂಟನ್ನು ತಲೆಯ ಮೇಲೆತ್ತಿ ಹಿಡಿದಳು. ಬೆಳ್ಳಿ ಮೀನಿನ ಪಾಲಾಯಿತು, ಅವರೆ ಉಳಿಯಿತು. 'ಇಂಥಾ ದಡ್ಡಿಯನ್ನು ತಂದುಕೊಂಡೆವಲ್ಲ' ಅಂತ ಅತ್ತೆ ವರ್ಷಗಟ್ಟಲೆ ಹಂಗಿಸಿದಳು, ಒಲೆಯನ್ನೇ ಬೇರೆ ಮಾಡಿದಳು. ಆಮೇಲೊಂದು ವರ್ಷ ಅತ್ತೆಯ ಬೀಜವೆಲ್ಲ ಹುಳ ಹಿಡಿದು ಹೋಯಿತು. ಆ ಜಂಬದ ಹೆಂಗಸು ಬರೀ ಮೊರ ಹಿಡಿದು ಸೊಸೆಯ ಬಾಗಿಲಲ್ಲಿ ನಿಂತಳು. ಚೆಲ್ಲಮ್ಮ ಮೊರದ ತುಂಬ ಅವರೆ ಸುರಿದು ಹೇಳಿದ್ದು ಒಂದೇ ಮಾತು: 'ಯಾರ್ ಕೇಳಿದ್ರೂ ಕೊಡ್ಬೇಕು.' ಅಲ್ಲಿಗೆ ಕಥೆ ಮುಗಿಯಿತು.

ಬಿಲ್ಲೆಗೆ ಭುವನಾ ಬೇರೇನನ್ನೂ ಹುಡುಕಲಿಲ್ಲ. ಒಂದೇ ಒಂದು ಅವರೆಕಾಳು ಬಿಡಿಸಿದಳು, ಕಪ್ಪಗೆ, ಬೆನ್ನ ಮೇಲೊಂದು ಬಿಳಿ ಗೆರೆ. ನೋಡಿದರೆ ಉಗುರಿನಲ್ಲಿ ಸುಲಿಯಬೇಕೆನಿಸುವ ಹಾಗಿತ್ತು.

ಕಥೆ ಓದಿದವರು ಹುಚ್ಚೆದ್ದು ಬರೆದರು. ಹಯಗ್ರೀವರೂ ಬರೆದರು: 'ಮಾತಿನಲ್ಲಿ ಜೀವವಿದೆ. ಆದರೆ ಕೊನೆ ನಂಬುವ ಹಾಗಿಲ್ಲ. ಅಷ್ಟು ಜಂಬದವಳು ತಾನು ಹಂಗಿಸಿದವಳ ಮುಂದೆ ಬಂದು ಕೈಯೊಡ್ಡುವುದಿಲ್ಲ. ಬದಲಿಸಿ.' ಹಾಗೆಂದು ತಮ್ಮದೇ ಬೆಳ್ಳಿ ಕೀಲಿಯ ಬಿಲ್ಲೆಯನ್ನು ಅವಳ ಗೂಡಿಗೆ ಕಳಿಸಿದರು. ತೀರಿಹೋದ ಅಮ್ಮನ ಉಗ್ರಾಣದ ಕೀಲಿಕೈಯ ಮೇಲೆ ಅವರು ಬರೆದಿದ್ದ ಕಥೆಯ ಬಿಲ್ಲೆ ಅದು. ಪಡಸಾಲೆಯಲ್ಲಿ ಅದಕ್ಕಿಂತ ದೊಡ್ಡ ಬಿಲ್ಲೆ ಇರಲಿಲ್ಲ. ಅದಿದ್ದವರು ಕತ್ತು ಸ್ವಲ್ಪ ಎತ್ತಿಯೇ ಬರೆಯುತ್ತಿದ್ದರು.

ಭುವನಾ ಕೊನೆ ಬದಲಿಸಲಿಲ್ಲ. ನಡೆದದ್ದನ್ನು ಯಾರಾದರೂ ಬದಲಿಸುತ್ತಾರೆಯೇ? ಅದರ ಮೇಲೆ ಅವಳು ಇನ್ನೊಂದು ಕೆಲಸ ಮಾಡಿದಳು, ಅವಳ ಊರಿನವರು ಮಾತ್ರ ಮಾಡಬಹುದಾದ ಕೆಲಸ.

ಅವಳ ಊರಿನಲ್ಲಿ ಬೀಜ ಮಾರುವುದಿಲ್ಲ. ಬೂದಿ ಬೆರೆಸಿ ಮಡಕೆಯಲ್ಲಿಟ್ಟ ಬೀಜವನ್ನು ಕೇಳಿದವರಿಗೆಲ್ಲ ಕೊಡಬೇಕು. ಅವರು ಬೆಳೆದ ಮೇಲೆ ಒಂದು ಹಿಡಿ ಹೆಚ್ಚಿಗೆ ಸೇರಿಸಿ ತಂದು ಕೊಡಬೇಕು. ಧರ್ಮಕ್ಕಲ್ಲ, ಬುದ್ಧಿವಂತಿಕೆಗೆ. ನಿನ್ನ ಮಡಕೆಗೆ ಹುಳ ಬಿದ್ದರೆ ಊರಿನಲ್ಲಿ ಇನ್ನೊಬ್ಬರ ಮಡಕೆಯಲ್ಲಿ ನಿನ್ನ ಬೀಜ ಇರುತ್ತದೆ. ಭುವನಾ ಬಿಲ್ಲೆಯನ್ನೂ ಹಾಗೆಯೇ ಅಂದುಕೊಂಡಳು. ಕೇಳಿದವರಿಗೆಲ್ಲ ಅವರೆಕಾಳು ಕಳಿಸಿದಳು, ಕೇಳದವರಿಗೂ ಕಳಿಸಿದಳು. ಪ್ರತಿಯೊಂದರ ಜೊತೆಗೆ ಹೆಚ್ಚಿನ ಹಿಡಿ ಅಂತ, ಗೂಡಿನಲ್ಲಿ ಇನ್ನೇನಿತ್ತೋ ನೋಡಿ, ಹಯಗ್ರೀವರ ಬೆಳ್ಳಿ ಕೀಲಿಯನ್ನೂ ನಕಲು ತೆಗೆದು ಸೇರಿಸಿದಳು.

ಪಡಸಾಲೆಗೆ ಬೆಂಕಿ ಬಿತ್ತು. ಕೀಲಿ ಇದ್ದವರೆಲ್ಲ ಎದೆ ಬಡಿದುಕೊಂಡರು. ನಿನ್ನೆಯವರೆಗೆ ಬೆಳ್ಳಿಯಾಗಿದ್ದದ್ದು ಇವತ್ತು ತಗಡು! ಯಾರೋ ಕಳ್ಳಿ ಎಂದರು, ಇನ್ಯಾರೋ ಹಳ್ಳಿ ಗಮಾರಿ ಎಂದರು. ಹಯಗ್ರೀವರು ಎರಡೇ ಸಾಲು ಬರೆದರು: 'ನೀವು ಓಮಲೂರಿನಲ್ಲೇ ಇರುವುದಂತೆ. ಭಾನುವಾರ ಮನೆಗೆ ಬನ್ನಿ.'

ಭುವನಾ ಬಸ್ಸು ಹತ್ತಿ ಸೇಲಂಗೆ ಹೋದಳು. ಬರಿಗೈಯಲ್ಲಿ ಹೋಗಬಾರದೆಂದು ಊರಿಂದ ತಂದಿದ್ದ ಅವರೆಬೀಜದ ಪೊಟ್ಟಣ ಹಿಡಿದುಕೊಂಡಿದ್ದಳು. ಹಯಗ್ರೀವರ ಹೆಂಡತಿ ಕಮಲಿನಿ ಬಾಗಿಲು ತೆಗೆದು ಪೊಟ್ಟಣ ಇಸಿದುಕೊಂಡು ಕಾಫಿ ತರಲು ಒಳಗೆ ಹೋದರು. ಹಯಗ್ರೀವರು ಕುರ್ಚಿ ತೋರಿಸಿದರು.

"ನೋಡಿ ಅಮ್ಮಾ, ನಾಲ್ಕು ಜನರ ಹತ್ತಿರ ಇದ್ದರೆ ಅದು ನೆನಪಿನ ಕಾಣಿಕೆ. ಎಲ್ಲರ ಹತ್ತಿರವೂ ಇರೋದಕ್ಕೆ ಏನು ಬೆಲೆ?"

"ಎಲ್ಲಾರತ್ರನೂ ಉಪ್ಪೈತೆ ಸಾರ್. ಅದ್ಕೆ ಬೆಲೆ ಇಲ್ವಾ?"

ಒಳಗೆ ಕಾಫಿ ಲೋಟದ ಸದ್ದು ನಿಂತಿತು. ಹಯಗ್ರೀವರ ಮುಖ ಬಿಗಿಯಿತು.

"ಮಾತು ಚೆನ್ನಾಗಿ ಬರುತ್ತೆ ನಿಮಗೆ. ಈಗ ಎರಡು ಕೆಲಸ ಮಾಡಬೇಕು. ನನ್ನ ಕೀಲಿ ಯಾರಿಗೆಲ್ಲ ಹಂಚಿದ್ದೀರೋ ಅವರೆಲ್ಲ ಅಳಿಸಿಹಾಕಬೇಕು ಅಂತ ಬರೀರಿ. ಅದು ಒಂದು. ನಿಮ್ಮ ಅವರೆಕಾಳು ಹನ್ನೆರಡೇ ಇರೋದು, ಮಿಕ್ಕಿದ್ದೆಲ್ಲ ಸುಳ್ಳು ಅಂತ ಬರೀರಿ. ಆ ಹನ್ನೆರಡು ಯಾರಿಗೆ ಸೇರಬೇಕು ಅಂತ ನಾನು ಹೇಳ್ತೀನಿ. ಅದು ಎರಡು."

ಭುವನಾ ನೆಲ ನೋಡಿದಳು. ಹೆದರಿಕೆಯಿಂದಲ್ಲ, ನ್ಯಾಯ ಯಾವುದು ಅನ್ಯಾಯ ಯಾವುದು ಅಂತ ಬಿಡಿಸಿಕೊಳ್ಳುತ್ತಿದ್ದಳು.

"ಕೀ ನಿಮ್ದು ಸಾರ್. ನಿಮ್ಮನ್ನ ಒಂದ್ ಮಾತು ಕೇಳ್ದಲೇ ಅಂಚಿದ್ದು ನನ್ ತಪ್ಪು. ಎಲ್ಲಾರಿಗೂ ಬರೀತೀನಿ. ಅವರೆ ನಂದು. ಅದ್ರ ತಂಟೆಗೆ ನೀವ್ ಬರಂಗಿಲ್ಲ."

"ಕಟ್ಟಳೆ ಎಲ್ಲರಿಗೂ ಒಂದೇ."

"ನಮ್ಮಜ್ಜಿ ಬೆಳ್ಳಿ ಪೆಟ್ಟಿಗೆ ಒಳೆಗ್ ಬಿಟ್ಟು ಉಳಿಸ್ಕೊಂಡ್ ಬಂದಿದ್ ಬೀಜ ಅದು. ಅನ್ನೆರಡು ಜನ ಗೂಡಾಗಿಟ್ಕೊಂಡು ಮೀಸೆ ತಿರುವ್ಲಿ ಅಂತ ಅಲ್ಲ. ನಾನು ಬರೆಯಕಿಲ್ಲ ಸಾರ್."

"ಬರೆಯದಿದ್ದರೆ ನಿನಗೆ ಪಡಸಾಲೆಯಲ್ಲಿ ಜಾಗ ಇಲ್ಲ." ಬಹುವಚನ ಹೊಸಿಲು ದಾಟಿ ಹೋಗಿತ್ತು. "ನಿನ್ನ ಗೂಡು, ಕಥೆ, ಹೆಸರು, ಎಲ್ಲಾ ತೆಗೀಬೇಕಾಗುತ್ತೆ. ಯೋಚನೆ ಮಾಡು."

ಆ ಕಥೆಯನ್ನು ಅವಳು ಬೇರೆಲ್ಲೂ ಬರೆದಿಟ್ಟುಕೊಂಡಿರಲಿಲ್ಲ, ನೇರವಾಗಿ ಅಲ್ಲೇ ಟೈಪು ಮಾಡಿದ್ದಳು. ಆದರೂ ಎದ್ದು ನಿಂತಳು.

"ಯೋಚ್ನೆ ಮಾಡೇ ಯೋಳಿದ್ದು," ಎಂದಳು.

ಕಮಲಿನಿ ತಂದ ಕಾಫಿಯನ್ನು ಮಾತ್ರ ಬಿಡಲಿಲ್ಲ, ನಿಂತೇ ಕುಡಿದಳು. ಸಿಟ್ಟು ಯಜಮಾನರ ಮೇಲೆ, ಕಾಫಿಯ ಮೇಲಲ್ಲ. ಗೇಟಿನವರೆಗೆ ಬಂದ ಕಮಲಿನಿ ಮೆಲ್ಲಗೆ ಕೇಳಿದರು: "ಇದನ್ನ ಯಾವಾಗ ಬಿತ್ತಬೇಕು?"

"ಆಡಿ ಮಾಸದಾಗೆ ಅಕ್ಕ, ಮಳೆ ಬಿದ್ಮ್ಯಾಲೆ. ಪೂರ್ತಿ ಬಿತ್ತಬ್ಯಾಡಿ. ಬೀಜದ್ ಮಡಕೆ ಯಾವತ್ತೂ ಬರಿದಾಗ್ಬಾರ್ದು."

ಸೋಮವಾರ ಅವಳು ಕೊಟ್ಟ ಮಾತಿನಂತೆ ಎಲ್ಲರಿಗೂ ಬರೆದಳು: ಕೀಲಿ ಹಯಗ್ರೀವ ಸಾರ್ ಅವರದು, ನನ್ನದು ತಪ್ಪಾಯಿತು, ಅಳಿಸಿಬಿಡಿ. ತನ್ನ ಗೂಡಿನಿಂದಲೂ ತೆಗೆದಳು. ತನ್ನ ಫ್ಲಾಪಿಯಲ್ಲಿದ್ದ ಕೀಲಿಯ ಒಂದು ನಕಲನ್ನು ಅಳಿಸಲು ಹೋದವಳು ಕೈ ಹಿಂದೆಗೆದಳು. ಮಡಕೆ ಬರಿದಾಗಬಾರದು ಅಂತ ನಿನ್ನೆ ತಾನೇ ಹೇಳಿ ಬಂದಿದ್ದಳಲ್ಲ. ಅದನ್ನು ಯಾರಿಗೂ ಕೊಡಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಅವರೆಕಾಳಿನ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ.

ಮರುದಿನ ಪಡಸಾಲೆ ತೆರೆದರೆ ಅವಳು ಅಲ್ಲಿರಲಿಲ್ಲ. ಗೂಡಿಲ್ಲ, ಹೆಸರಿಲ್ಲ, ಚೆಲ್ಲಮ್ಮನೂ ಇಲ್ಲ. ಹೊಳೆಯಲ್ಲಿ ಮುಳುಗದ ಅಜ್ಜಿಯನ್ನು ಗಣಿತದ ಮೇಷ್ಟ್ರು ಒಂದು ಗುಂಡಿ ಒತ್ತಿ ಮುಳುಗಿಸಿದ್ದರು. ಭುವನಾ ಡಬ್ಬಿಯ ಮುಚ್ಚಳ ತೆಗೆಯದೆ ಹಾಗೆಯೇ ಕೂತಿದ್ದಳು. ಕಣ್ಣೀರು ಬಂತು, ಅದಕ್ಕಿಂತ ಹೆಚ್ಚಾಗಿ ರೋಷ ಬಂತು.

ಭಾನುವಾರ ಊರಿಗೆ ಹೋದಾಗ ಅವ್ವ ಮುನಿಲಕ್ಷ್ಮಿಗೆ ಎಲ್ಲ ಹೇಳಿಕೊಂಡಳು. ಮುನಿಲಕ್ಷ್ಮಿಗೆ ಕಂಪ್ಯೂಟರ್ ಎಂದರೆ ಟೀವಿಯ ತಮ್ಮ. ಆದರೂ ಕೇಳಿಸಿಕೊಂಡಳು.

"ಪೆಟ್ಟಿಗೆ ಒಳಗ್ ಅವರೆಕಾಯಿ ಬೆಳೆಯೋರು ನೀವು, ನನಗೇನ್ ತಿಳೀತೈತೆ. ಅಲ್ಲ ಕಣ್ಲೇ, ನಿನ್ ಬೀಜ ಓಯ್ತು ಅಂತ ಅಳ್ತಾ ಕೂತಿದ್ಯಲ್ಲ, ಇಸ್ಕೊಂಡೋರು ಸತ್ತೋಗಿದ್ದಾರಾ? ಓಗಿ ಕೇಳು. ಕೊಡೋದು ಅದ್ಕೇ ಅಲ್ವಾ?"

ಇಷ್ಟು ಸುಲಭದ ಮಾತು ತನಗೇಕೆ ಹೊಳೆಯಲಿಲ್ಲ ಅಂತ ಭುವನಾ ಹಣೆ ಚಚ್ಚಿಕೊಂಡಳು. ಸೋಮವಾರ ಮಧ್ಯಾಹ್ನ, ಅವರೆಕಾಳು ಪಡೆದಿದ್ದವರಿಗೆಲ್ಲ ಇಮೇಲಿನಲ್ಲಿ ಒಂದು ಸಾಲು ಬರೆದಳು: ಕಥೆ ಹೋಗಿದೆ, ನಿಮಗೆ ನೆನಪಿದ್ದಷ್ಟು ಕಳಿಸಿ.

ಬಂದವು ನೋಡಿ. ಮುಂಬಯಿಯವರು ಹರಿಗೋಲು ವಾಲಿದ ಭಾಗವನ್ನು ಪೂರ್ತಿ ಬರೆದು ಕಳಿಸಿದರು. ಕೊಯಮತ್ತೂರಿನವರಿಗೆ ಅತ್ತೆಯ ಬೈಗುಳ ಒಂದೂ ಬಿಡದೆ ನೆನಪಿತ್ತು. ಅವರಿಗೂ ಅಂಥದೇ ಅತ್ತೆ ಇದ್ದರಂತೆ. ಮಸ್ಕತ್‌ನವರು ಕಥೆಯ ನಡುವಿನ ನಾಲ್ಕು ಸಾಲಿನ ಜೊತೆಗೆ ತಮ್ಮಜ್ಜಿ ಹಿಂಡುತ್ತಿದ್ದ ಎಮ್ಮೆಯ ಕಥೆಯನ್ನೂ ಸೇರಿಸಿದ್ದರು. ಕೊಟ್ಟ ಬೀಜ ಒಂದು ಹಿಡಿ ಹೆಚ್ಚಾಗಿಯೇ ಹಿಂದಕ್ಕೆ ಬರುತ್ತಿತ್ತು. ಭುವನಾ ಎಲ್ಲವನ್ನೂ ಕೂಡಿಸಿ ಹೊಲಿದಳು. ಕೊನೆಯನ್ನು ಮಾತ್ರ ತಾನೇ ಮತ್ತೆ ಬರೆದಳು, ಒಂದು ಮಾತೂ ಬದಲಿಸದೆ. ಪುಕ್ಕಟೆ ಸಿಗುವ ಜಾಗವೊಂದರಲ್ಲಿ ತನ್ನದೇ ಪುಟ ತೆರೆದು ಅಲ್ಲಿಟ್ಟಳು. ಅವರೆಕಾಳಿನ ಪಕ್ಕ ಬರೆದಳು: 'ಅಳತೆ ಇಲ್ಲ. ಬೇಕಾದವರು ತಗೊಳ್ಳಿ.' ಒಬ್ಬೊಬ್ಬರಾಗಿ ಜನ ತಮ್ಮ ತಮ್ಮ ಬಿಲ್ಲೆಗಳನ್ನು ಅಲ್ಲಿಗೂ ತಂದಿಟ್ಟರು.

ಹಯಗ್ರೀವರು ಇದನ್ನು ನೋಡಿ ಇನ್ನಷ್ಟು ಬಿಗಿಯಾದರು. ನಕಲು ತೆಗೆಯಲು ಸಿಗಬಾರದೆಂದು ಪಡಸಾಲೆಯ ಬಿಲ್ಲೆಗಳನ್ನೆಲ್ಲ ಅಲ್ಲಿಂದ ಕಿತ್ತು ತಮ್ಮ ಮನೆಯ ಕಂಪ್ಯೂಟರಿನೊಳಗೆ ಇಟ್ಟುಕೊಂಡರು. ಗೂಡಿನಲ್ಲಿ ಇನ್ನು ಬರೀ ಹೆಸರು: 'ಬೆಳ್ಳಿ ಕೀಲಿ', 'ಕಂದೀಲು'. ಚಿತ್ರ ಅವರ ಹತ್ತಿರ ಭದ್ರ. ಊಟಕ್ಕೆ ಕರೆದು ಎಲೆಯ ಮೇಲೆ ಪಾಯಸ ಅಂತ ಬರೆದಿಟ್ಟರೆ ಯಾರು ಕೂರುತ್ತಾರೆ? ಪಡಸಾಲೆ ಖಾಲಿಯಾಗುತ್ತಾ ಬಂತು.

ತೊಂಬತ್ತೊಂಬತ್ತರ ಏಪ್ರಿಲ್‌ನಲ್ಲಿ ಒಂದು ವೈರಸ್ ಬಂತು. ಎಷ್ಟೋ ಕಂಪ್ಯೂಟರುಗಳು ಬೆಳಗಾಗುವಷ್ಟರಲ್ಲಿ ಒಳಗಿದ್ದದ್ದನ್ನೆಲ್ಲ ಕಳೆದುಕೊಂಡು ಕೂತವು. ಹಯಗ್ರೀವರದೂ ಅವುಗಳಲ್ಲೊಂದು ಅಂತ ಮುಂಬಯಿಯವರು ಬರೆದು ತಿಳಿಸಿದರು. ಭುವನಾಗೆ ಸಂತೋಷವಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೇ ತಿಂಗಳ ಒಂದು ಮಧ್ಯಾಹ್ನ ಅಣ್ಣಾಮಲೈ ಕೂಗಿದ: "ಭುವನಾ, ಉನ್ನೈ ಪಾರ್ಕ ಸೇಲಂ ವಾದ್ಯಾರ್ ಒರುತ್ತರು ವಂದಿರುಕ್ಕಾರು!" ತನ್ನನ್ನು ನೋಡಲು ಸೇಲಂನಿಂದ ಬಂದ ಮೇಷ್ಟ್ರು ಯಾರಪ್ಪಾ ಅಂತ ತಿರುಗಿದರೆ ಬಾಗಿಲಲ್ಲಿ ಹಯಗ್ರೀವರು. ಮೆಟ್ಟಿಲು ಹತ್ತಿ ಏದುಸಿರು, ಅಂಗಿ ಬೆನ್ನಿಗೆ ಅಂಟಿತ್ತು. ಕೈಯಲ್ಲೊಂದು ಫ್ಲಾಪಿ.

"ಏನ್ ಬೇಕಿತ್ತು ಸಾರ್?" ಅವಳು ಎದ್ದು ನಿಂತಳು, ಕುರ್ಚಿಯನ್ನೂ ಎಳೆದು ಕೊಟ್ಟಳು. ಆದರೆ ದನಿಯನ್ನು ತಗ್ಗಿಸಲಿಲ್ಲ.

ಹಯಗ್ರೀವರು ಕೂರಲಿಲ್ಲ. "ಎಲ್ಲರನ್ನೂ ಕೇಳಿದೆ. ಗೂಡುಗಳಲ್ಲಿದ್ದದ್ದನ್ನ ನಾನೇ ಕಿತ್ತಿದ್ದೆ. ನೀವು ಹಂಚಿದ್ದನ್ನ ನಾನೇ ಅಳಿಸಿ ಅಂದಿದ್ದೆನಲ್ಲ, ಎಲ್ಲರೂ ಅಳಿಸಿಬಿಟ್ಟಿದ್ದಾರೆ. ಅಮ್ಮ ಹೋದ ಮೇಲೆ ಆ ಮನೆನೂ ಮಾರಿದ್ವಿ, ಉಗ್ರಾಣದ ಕೀಲಿಕೈನೂ ಅದರ ಜೊತೆಗೇ ಹೋಯ್ತು. ಅದು ಕೈಯಲ್ಲಿದ್ದಾಗ ನೋಡಿ ಬಿಡಿಸಿದ್ದು, ಇನ್ನೊಂದು ಸಲ ಬರೋದಿಲ್ಲ. ಕಮಲಿನಿ ಹೇಳಿದಳು, ಆ ಹುಡುಗಿ ಮಡಕೆ ಬರಿದು ಮಾಡೋಳಲ್ಲ, ಹೋಗಿ ಕೇಳಿ ಅಂತ." ಅವರು ಫ್ಲಾಪಿಯನ್ನು ಮುಂದೆ ಹಿಡಿದರು. "ಉಳಿದಿದೆಯಾ ಅಮ್ಮಾ?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಆ ಮನುಷ್ಯ ಅಡಿಕೆಗಿಂತ ಸಣ್ಣದೊಂದು ಚಿತ್ರಕ್ಕಾಗಿ ಮಾನವನ್ನು ಬಸ್ಸಿನಲ್ಲಿ ಹೊತ್ತು ತಂದು ಅವಳ ಮುಂದಿಟ್ಟಿದ್ದರು. 'ಇಲ್ಲ' ಎಂಬ ಮಾತು ಭುವನಾಳ ನಾಲಿಗೆಯ ತುದಿಗೆ ಬಂತು. ಅಂದುಬಿಟ್ಟರೆ ಎಷ್ಟು ಹಿತವಾಗಿರುತ್ತಿತ್ತು! ಗೂಡು ಅಳಿಸಿದವರು, ಅಜ್ಜಿಯನ್ನು ಅಳಿಸಿದವರು. ಆದರೆ ಅವಳು ಚೆಲ್ಲಮ್ಮನ ಮೊಮ್ಮಗಳು. ಕೊಡುವುದಕ್ಕೂ ಒಂದು ಸೊಕ್ಕು ಇರುತ್ತದೆ, ಇಲ್ಲ ಅನ್ನುವ ಸೊಕ್ಕಿಗಿಂತ ಅದೇ ದೊಡ್ಡದು.

"ಸಾರ್, ನಮ್ಮಜ್ಜಿ ಕಥೆ ಕೊನೆ ಬದ್ಲಾಯಿಸ್ಬೇಕು ಅಂದಿದ್ರಲ್ಲ. ಈಗ್ಲೂ ಬದ್ಲಾಯಿಸ್ಬೇಕಾ?"

ಹಯಗ್ರೀವರು ಕೈಯಲ್ಲಿದ್ದ ಫ್ಲಾಪಿಯನ್ನು ನೋಡಿಕೊಂಡರು. ಅದು ಖಾಲಿ ಮೊರವೆಂದು ಅವರಿಗೂ ಹೊಳೆದಿರಬೇಕು.

"ಬೇಡ," ಎಂದರು.

ಭುವನಾ ಫ್ಲಾಪಿ ಇಸಿದುಕೊಂಡಳು. ಡ್ರಾಯರಿನಿಂದ ತನ್ನದನ್ನು ತೆಗೆದು ಕಂಪ್ಯೂಟರಿಗೆ ಹಾಕಿದಳು. ತೆರೆಯ ಮೇಲೆ ಬೆಳ್ಳಿ ಕೀಲಿ ಬಂತು, ಉಗುರಿನಷ್ಟು, ಹಿಡಿಯ ಹತ್ತಿರ ಸ್ವಲ್ಪ ಸವೆದದ್ದೂ ಕಾಣುವ ಹಾಗೆ. ಹಯಗ್ರೀವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವಳು ಅವರ ಫ್ಲಾಪಿಗೆ ಕೀಲಿಯನ್ನು ತುಂಬಿಸಿ, ಅದರ ಪಕ್ಕ ಅವರೆಕಾಳನ್ನೂ ತುಂಬಿಸಿದಳು.

"ನಾನು ಒಂದೇ ಕೇಳಿದ್ದು."

"ನಮ್ಮಲ್ಲಿ ಒಂದಿಡಿ ಜಾಸ್ತಿನೇ ಸಾರ್. ಆದ್ರೆ ಒಂದ್ ಮಾತು. ಯಾರ್ ಕೇಳಿದ್ರೂ ಕೊಡ್ಬೇಕು."

"ಕೀಲಿನೂನಾ?"

"ಕೀಲಿನೂ. ಆಗಲ್ಲ ಅಂದ್ರೆ ಈಗ್ಲೇ ಯೋಳ್ಬಿಡಿ."

ಅವಳು ಫ್ಲಾಪಿಯನ್ನು ನೀಡಿದಳು, ಆದರೆ ಬೆರಳು ಬಿಡಲಿಲ್ಲ. ಅವರೂ ಒಂದು ತುದಿ ಹಿಡಿದು ನಿಂತರು. ಕೊನೆಗೆ ಹಯಗ್ರೀವರು ತಲೆಯಾಡಿಸಿದರು. ಭುವನಾ ಬೆರಳು ಬಿಟ್ಟಳು.

ಇಷ್ಟು ಹೊತ್ತೂ ಹಿಂದೆ ನಿಂತು ತೆರೆಯನ್ನೇ ಇಣುಕಿ ನೋಡುತ್ತಿದ್ದ ಅಣ್ಣಾಮಲೈಗೆ ಕನ್ನಡ ಅಷ್ಟಕ್ಕಷ್ಟೆ. ಕೀಲಿ ಮಾತ್ರ ಹಿಡಿಸಿತ್ತು.

"ಸಾರ್, ಸಾವಿ ರೊಂಬ ಅಳಗಾ ಇರುಕ್ಕು. ಎನಕ್ಕೂ ಒಣ್ಣು ಕುಡುಪ್ಪೀಂಗಳಾ?" ಕೀಲಿ ಬಹಳ ಚೆನ್ನಾಗಿದೆ, ನನಗೂ ಒಂದು ಕೊಡುತ್ತೀರಾ ಅಂತ ಹಲ್ಲು ಬಿಟ್ಟು ಕೇಳಿದ. "ಯಾರೋ‍ಡದು ಸಾರ್ ಇದು?" ಇದು ಯಾರದು ಅಂತಲೂ ಕೇಳಿದ.

ಹಯಗ್ರೀವರು ಭುವನಾಳ ಕಡೆ ತಿರುಗಿದರು. ಅವಳು ಊಟದ ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿದ್ದಳು.

"ಎಂಗ ಅಮ್ಮಾವೋಡದು," ಎಂದರು ಹಯಗ್ರೀವರು. ನಮ್ಮಮ್ಮನದು. ಆಮೇಲೆ ಜೇಬಿಗೆ ಹಾಕಿಕೊಂಡಿದ್ದ ಫ್ಲಾಪಿಯನ್ನು ಹೊರಗೆ ತೆಗೆದು ಅಣ್ಣಾಮಲೈ ಕೈಗೆ ಕೊಟ್ಟರು.